ಅಜ್ಜನ ವಾಲ್ವ್ ರೇಡಿಯೊದ ವೈರು ಕಡಿದಿದೆ, ನಾನೇ ಬೆಸುಗೆ ಹಾಕಬಹುದೇ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ ತಂದಿದ್ದ, ಗಾಜಿನ ವಾಲ್ವುಗಳಿಂದ ನಡೆಯುವ ಫಿಲಿಪ್ಸ್ ರೇಡಿಯೊ ಇಪ್ಪತ್ತು ವರ್ಷದಿಂದ ಅಟ್ಟದ ಮೇಲಿತ್ತು. ಈಚೆಗೆ ಕೆಳಗಿಳಿಸಿ ಹಿಂದಿನ ರಟ್ಟು ಬಿಚ್ಚಿದರೆ ಒಳಗೆ ಇಲಿ ಗೂಡು ಕಟ್ಟಿತ್ತು. ಸ್ಪೀಕರಿಗೆ ಹೋಗುವ ಎರಡು ವೈರಿನಲ್ಲಿ ಒಂದು ಕಡಿದಿದೆ. ಡಯಲ್ ದೀಪದ ವೈರು ಮುಟ್ಟಿದರೆ ರಬ್ಬರು ಪುಡಿಪುಡಿಯಾಗಿ ಉದುರುತ್ತದೆ. ಒಂದು ಕಾಯಿಲಿನಿಂದ ಕೂದಲಿನಷ್ಟು ತೆಳ್ಳಗಿನ ತಂತಿ ಬಿಟ್ಟುಬಂದಿದೆ. ವಾಲ್ವುಗಳ ಮೇಲೆ ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80 ಎಂದು ಬರೆದಿದೆ. ಕುತೂಹಲಕ್ಕೆ ಪ್ಲಗ್ ಹಾಕಿದೆ. ದೀಪ ಹತ್ತಿತು, ಸದ್ದು ಬರಲಿಲ್ಲ. ಹತ್ತು ನಿಮಿಷ ಹಾಗೇ ಬಿಟ್ಟೆ. ಇಎಲ್ 84 ವಾಲ್ವಿನ ಲೋಹದ ತಗಡಿನ ಸಂದಿಯಲ್ಲಿ ಸುರುಳಿ ತಂತಿಯೊಂದು ಕೆಂಪಗೆ ಕಾದದ್ದು ಕಂಡಿತು. ಉಳಿದ ವಾಲ್ವುಗಳಲ್ಲಿ ಹಾಗಿರಲಿಲ್ಲ. ಚಾಸಿ (ಒಳಗಿನ ಲೋಹದ ತಳಕಟ್ಟು) ಮುಟ್ಟಿದರೆ ಸಣ್ಣಗೆ ಜುಮ್ಮೆಂದಿತು, ಆಫ್ ಮಾಡಿದೆ. ನನ್ನ ಹತ್ತಿರ 25 ವ್ಯಾಟಿನ ಸೋಲ್ಡರಿಂಗ್ ಐರನ್, ಲೆಡ್ಡು (ಬೆಸುಗೆಯ ತಂತಿ), ಒಂದು ಡಬ್ಬಿ ಪೇಸ್ಟ್ ಇವೆ. 'ತಿರುಚಿ ಟೇಪು ಸುತ್ತು, ಸಾಕು' ಅನ್ನುತ್ತಾರೆ ದೊಡ್ಡಪ್ಪ. ಪೇಟೆಯ ಅಂಗಡಿಯವರು ಒಳಗಿನದನ್ನೆಲ್ಲ ತೆಗೆದು ಬ್ಲೂಟೂತ್ ಬೋರ್ಡ್ ಕೂರಿಸಿಕೊಡುತ್ತೇವೆ ಅನ್ನುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ, ಸೀಸದ ಹೊಗೆಯ ಭಯವೂ ಇದೆ. ನಾನೇ ಬೆಸೆಯಬಹುದೇ, ಅಥವಾ ಕೈಹಾಕದೆ ಇರುವುದೇ ಲೇಸೇ?

ಉತ್ತರ: ಬೆಸೆಯಬಹುದು. ಆದರೆ ಇವತ್ತೇ ಐರನ್ ಕಾಯಿಸಬೇಡಿ. ಪ್ಲಗ್ ಅನ್ನಂತೂ ಇನ್ನೊಮ್ಮೆ ಹಾಕಲೇಬೇಡಿ. ಆ ಕೆಂಪು ಸುರುಳಿಯನ್ನು ಗಮನಿಸಿ ಬರೆದದ್ದು ತುಂಬ ಒಳ್ಳೆಯದಾಯಿತು. ಯಾವ ವೈರು ಕಡಿದಿದೆ, ಅದು ಎಷ್ಟು ಅಪಾಯದ್ದು ಎಂಬುದು ಅದರಿಂದಲೇ ತಿಳಿಯಿತು.

ವಾಲ್ವ್ ಅಂದಮೇಲೆ ಎಲ್ಲದರ ನಡುವೆಯೂ ಫಿಲಮೆಂಟಿನ ಮಂಕು ಕಿತ್ತಳೆ ಬೆಳಕು ಇದ್ದೇ ಇರುತ್ತದೆ. ನೀವು ಕಂಡದ್ದು ಅದಲ್ಲ, ಆನೋಡ್ ಎಂಬ ಹೊರಗಿನ ತಗಡಿನ ಒಳಗಿರುವ ಸ್ಕ್ರೀನ್ ಗ್ರಿಡ್ ಎಂಬ ಸುರುಳಿ. ಇಎಲ್ 84 ಸರಿಯಾಗಿ ಕೆಲಸ ಮಾಡುವಾಗ ಅದರ ಆನೋಡಿಗೆ ಸುಮಾರು 48 ಮಿಲಿಆಂಪಿಯರ್ ಕರೆಂಟು ಹೋಗುತ್ತದೆ, ಸ್ಕ್ರೀನಿಗೆ ಐದಾರು ಮಿಲಿಆಂಪಿಯರ್ ಮಾತ್ರ. ಆನೋಡಿಗೆ ಬರುವ ವೋಲ್ಟೇಜ್ ನಿಂತುಹೋದರೆ ಅಷ್ಟೂ ಎಲೆಕ್ಟ್ರಾನುಗಳು ಸ್ಕ್ರೀನಿನ ಮೇಲೆ ಬೀಳುತ್ತವೆ. 2 ವ್ಯಾಟ್ ಶಾಖ ತಡೆಯಲಷ್ಟೇ ಮಾಡಿದ ಆ ಸಣ್ಣ ಸುರುಳಿ ಕೆಂಪಗಾಗುವುದು ಅದಕ್ಕೇ. ಆನೋಡಿಗೆ ವೋಲ್ಟೇಜ್ ಹೋಗುವುದು ವಾಲ್ವನ್ನು ಸ್ಪೀಕರಿಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ, ಅಂದರೆ ವಾಲ್ವಿನ ಕಡೆಯ, ಸುತ್ತಿನ ಮೂಲಕ. ಹೀಗಾಗಿ ಇಲಿ ಕಡಿದಿರುವುದು ಪ್ರೈಮರಿಯ ವೈರನ್ನು ಎಂದು ನನ್ನ ಅಂದಾಜು. ನಿಮ್ಮ ಸೆಟ್ಟಿನಲ್ಲಿ ಆ ಟ್ರಾನ್ಸ್‌ಫಾರ್ಮರ್ ಚಾಸಿಯ ಮೇಲಿರದೆ ಸ್ಪೀಕರಿನ ಬೆನ್ನಿಗೇ ಕೂತಿರಬೇಕು. ನೋಡಿ, ಸ್ಪೀಕರಿನ ಹಿಂದೆ ಕಬ್ಬಿಣದ ತಗಡು ಜೋಡಿಸಿದ ಒಂದು ಸಣ್ಣ ಗಡ್ಡೆ ಸಿಗುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. 'ಸ್ಪೀಕರ್ ವೈರು ತಾನೆ, ಅದರಲ್ಲೇನು ಶಾಕು' ಎಂಬ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಟ್ರಾನ್ಸಿಸ್ಟರ್ ಸೆಟ್ಟಿಗೆ ಅದು ನಿಜ. ಟ್ರಾನ್ಸ್‌ಫಾರ್ಮರ್ ಸ್ಪೀಕರಿನ ಮೇಲಿರುವ ವಾಲ್ವ್ ಸೆಟ್ಟಿನಲ್ಲಿ ಆ ಎರಡೂ ವೈರುಗಳಲ್ಲಿ ಇರುವುದು ಸುಮಾರು 250 ವೋಲ್ಟ್ ಡಿಸಿ. ನಿಮ್ಮ ದೊಡ್ಡಪ್ಪ ಹೇಳಿದಂತೆ ತಿರುಚಿ ಟೇಪು ಸುತ್ತಿದ್ದರೆ ರೇಡಿಯೊ ಅವತ್ತು ಹಾಡಿಯೇಬಿಡುತ್ತಿತ್ತು, ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಆಗುವುದು ಬೇರೆ. ತಿರುಚಿದ ತಾಮ್ರದ ನಡುವೆ ಗಾಳಿ ಆಡುತ್ತದೆ, ನಿಮ್ಮೂರಿನ ಮಳೆಗಾಲದ ತೇವ ಸೇರುತ್ತದೆ, ಕರಿಪೊರೆ ಕಟ್ಟುತ್ತದೆ. ಸಂಪರ್ಕ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಹಾಗೆ ಬಿಟ್ಟು ಹಿಡಿದಾಗಲೆಲ್ಲ ಟ್ರಾನ್ಸ್‌ಫಾರ್ಮರಿನ ಸುತ್ತಿನಲ್ಲಿ ವೋಲ್ಟೇಜ್ ಎಗರುತ್ತದೆ, ಗಂಟಿನಲ್ಲಿ ಕಿಡಿ ಹಾರುತ್ತದೆ, ಸ್ಕ್ರೀನ್ ಮತ್ತೆ ಕೆಂಪಗಾಗುತ್ತದೆ. ವಾಲ್ವಿನ ಬಿಸಿಗೆ ಟೇಪಿನ ಅಂಟೂ ಕರಗಿ ಜಾರುತ್ತದೆ. ಆ ಜಾಗಕ್ಕೆ ಬೆಸುಗೆಯೇ ಬೇಕು.

ಶಾಕಿನ ಮಾತನ್ನು ಮೊದಲು ಮುಗಿಸುತ್ತೇನೆ. ನಿಮ್ಮ ವಾಲ್ವುಗಳ ಹೆಸರೆಲ್ಲ 'ಇ'ಯಿಂದ ಶುರುವಾಗುತ್ತವೆ. ಅಂದರೆ 6.3 ವೋಲ್ಟಿನ ಫಿಲಮೆಂಟು, ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು. ಅದರ ಚಾಸಿ ಮೇನ್ಸಿನಿಂದ ಬೇರೆಯಾಗಿರುತ್ತದೆ. ಯುಸಿಎಚ್ 81, ಯುವೈ 85 ಎಂದು 'ಯು'ದಿಂದ ಶುರುವಾಗಿದ್ದರೆ ಅದು ಎಸಿ-ಡಿಸಿ ಸೆಟ್ಟು. ಅಂಥದ್ದರಲ್ಲಿ ಮೇನ್ಸಿನ ಒಂದು ಕಡೆ ನೇರವಾಗಿ ಚಾಸಿಗೇ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿ 230 ವೋಲ್ಟ್ ಆಗಬಹುದು. ಅಂಥ ಸೆಟ್ಟು ತಂದು ಇದೇ ಪ್ರಶ್ನೆ ಕೇಳಿದವರಿಗೆ 'ಮನೆಯಲ್ಲಿ ಬಿಚ್ಚಬೇಡಿ' ಎಂದೇ ಹೇಳುತ್ತೇನೆ. ನಿಮ್ಮದಕ್ಕೆ ಆ ಮಾತು ಬೇಡ. ಆದರೂ ಜುಮ್ಮೆಂದಿದ್ದನ್ನು ಕಡೆಗಣಿಸಲಾಗದು. ಮೇನ್ಸ್ ವೈರಿನ ರಬ್ಬರು ಉದುರಿ ತಾಮ್ರ ಚಾಸಿಗೆ ತಾಗುವಷ್ಟು ಹತ್ತಿರ ಬಂದಿರಬಹುದು, ಇಲ್ಲವೇ ಮೇನ್ಸಿನಿಂದ ಚಾಸಿಗೆ ಹಾಕಿರುವ ಸಣ್ಣ ಫಿಲ್ಟರ್ ಕೆಪಾಸಿಟರ್ ಸೋರುತ್ತಿರಬಹುದು. ಮೇನ್ಸ್ ವೈರನ್ನು ಪೂರ್ತಿ ಬದಲಿಸಿ, ಮೂರು ಎಳೆಯದ್ದು ಹಾಕಿ, ಅರ್ಥಿಂಗಿನ ಎಳೆಯನ್ನು ಚಾಸಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಅದಕ್ಕೂ ಮೊದಲು ಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಆ ಫಿಲ್ಟರ್ ಕೆಪಾಸಿಟರನ್ನು ಕತ್ತರಿಸಿ ತೆಗೆಯಿರಿ. ಬದಲು ಹಾಕುವುದಾದರೆ ಮೇನ್ಸಿಗೆಂದೇ ಮಾಡಿದ, ಮೈಮೇಲೆ ವೈ2 ಎಂದು ಬರೆದಿರುವುದನ್ನೇ ಹಾಕಬೇಕು. ರೇಡಿಯೊ ಅದಿಲ್ಲದೆಯೂ ನಡೆಯುತ್ತದೆ.

ಇನ್ನೊಂದು ಅಪಾಯ ಪ್ಲಗ್ ಕಿತ್ತ ಮೇಲೂ ಒಳಗೇ ಕೂತಿರುತ್ತದೆ. ಎಸಿಯನ್ನು ಡಿಸಿ ಮಾಡುವ ಇಝಡ್ 80ರ ಪಕ್ಕದಲ್ಲಿರುವ ಅಲ್ಯೂಮಿನಿಯಂ ಡಬ್ಬಿಯ ಕೆಪಾಸಿಟರಿನಲ್ಲಿ 250ರಿಂದ 300 ವೋಲ್ಟ್ ತುಂಬಿರುತ್ತದೆ. ನಿಮ್ಮ ಸೆಟ್ಟಿನಲ್ಲಿ ಆನೋಡಿನ ದಾರಿ ಕಡಿದಿರುವುದರಿಂದ ಅದು ಖಾಲಿಯಾಗಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಬಹುದು. ಸ್ಕ್ರೂಡ್ರೈವರ್ ಅಡ್ಡಹಾಕಿ ಪಟ್ಟೆಂದು ಶಾರ್ಟ್ ಮಾಡುವ ಚಾಳಿ ನಮ್ಮಲ್ಲಿದೆ. ಅದರಿಂದ ಕೆಪಾಸಿಟರಿಗೂ ಪೆಟ್ಟು, ಕಣ್ಣಿಗೂ ಅಪಾಯ. 10 ಕಿಲೊ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ಕ್ಲಿಪ್ ಬೆಸೆದು ಇಟ್ಟುಕೊಳ್ಳಿ. ಒಂದು ಕ್ಲಿಪ್ಪನ್ನು ಚಾಸಿಗೆ ಕಚ್ಚಿಸಿ, ಇನ್ನೊಂದನ್ನು ಒಂದೇ ಕೈಯಲ್ಲಿ ಹಿಡಿದು ಕೆಪಾಸಿಟರಿನ ಪ್ಲಸ್ ಟ್ಯಾಗಿಗೆ, ಅಂದರೆ ವೈರು ಬೆಸೆಯುವ ಲೋಹದ ಕಿವಿಗೆ, ಹತ್ತಿಪ್ಪತ್ತು ಸೆಕೆಂಡು ತಾಗಿಸಿ. ಡಬ್ಬಿಯಲ್ಲಿ ಎರಡು ಪ್ಲಸ್ ಟ್ಯಾಗ್ ಇರುತ್ತವೆ, ಎರಡಕ್ಕೂ ತಾಗಿಸಬೇಕು. ಆಮೇಲೆ ಮೀಟರ್ ಇಟ್ಟು ಸೊನ್ನೆ ಎಂದು ಕಣ್ಣಾರೆ ನೋಡಿದ ಮೇಲೇ ಕೈಹಾಕಿ. ಮಗು ಮಲಗಿರುವಾಗ, ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರುವಾಗ ಈ ಕೆಲಸಕ್ಕೆ ಕೂರಿ.

ಈಗ ಬೆಸುಗೆ. ಕಲಾಯಿ ಹಾಕುವವರು ಊರಿಗೆ ಬರುತ್ತಿದ್ದ ಕಾಲವನ್ನು ನೀವು ನೋಡಿಲ್ಲದಿದ್ದರೂ ನಿಮ್ಮ ದೊಡ್ಡಪ್ಪ ನೋಡಿರುತ್ತಾರೆ. ತಿದಿ ಒತ್ತಿ ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ ಉಜ್ಜಿ, ತವರದ ಕಡ್ಡಿ ತಾಗಿಸಿದರೆ ಅದು ನೀರಾಗಿ ಪಾತ್ರೆಯ ತುಂಬ ಬೆಳ್ಳಗೆ ಹರಿಯುತ್ತಿತ್ತು. ಕಿಲುಬು ಉಳಿದ ಕಡೆ ಮಾತ್ರ ಹಿಡಿಯುತ್ತಿರಲಿಲ್ಲ. ರೇಡಿಯೊದ ಬೆಸುಗೆಯೂ ಅದೇ ವಿದ್ಯೆ. ಕಾಯಬೇಕಾದದ್ದು ಪಾತ್ರೆ, ಅಂದರೆ ಇಲ್ಲಿ ವೈರು ಮತ್ತು ಟ್ಯಾಗು. ಕಾದ ಲೋಹ ತವರವನ್ನು ತಾನೇ ಎಳೆದುಕೊಳ್ಳುತ್ತದೆ. ಐರನ್ನಿನ ತುದಿಗೆ ಲೆಡ್ಡು ಕರಗಿಸಿಕೊಂಡು ತಂದು ತಣ್ಣನೆಯ ಜಾಗದಲ್ಲಿ ಇಟ್ಟರೆ ಅದು ಸಗಣಿ ತಟ್ಟಿದ ಹಾಗೆ ಮೇಲೆ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ. ರಿಪೇರಿಯವರು ಡ್ರೈ ಸೋಲ್ಡರ್ ಅನ್ನುವುದು ಇದನ್ನೇ. ಲೆಡ್ಡು ಹೆಚ್ಚಾದಷ್ಟೂ ಗಟ್ಟಿ ಎಂಬ ನಂಬಿಕೆ ಹುಟ್ಟಿದ್ದೂ ಇಂಥ ಗಡ್ಡೆಗಳಿಂದ. ಒಳ್ಳೆಯ ಬೆಸುಗೆಯಲ್ಲಿ ವೈರಿನ ಎಳೆಗಳ ಆಕಾರ ಹೊರಗಿನಿಂದಲೇ ಕಾಣುತ್ತದೆ. ಅಂಚು ತೆಳುವಾಗಿ ಟ್ಯಾಗಿನ ಮೇಲೆ ಹರಡಿರುತ್ತದೆ, ಉಂಡೆಯಾಗಿ ನಿಂತಿರುವುದಿಲ್ಲ.

ಕಲಾಯಿಗೂ ನಮ್ಮ ಕೆಲಸಕ್ಕೂ ಇರುವ ದೊಡ್ಡ ವ್ಯತ್ಯಾಸ ನವಸಾಗರ. ಪಾತ್ರೆಯನ್ನು ಆಮೇಲೆ ತೊಳೆಯುತ್ತಾರೆ, ರೇಡಿಯೊವನ್ನು ತೊಳೆಯಲಾಗದು. ನಿಮ್ಮ ಡಬ್ಬಿಯ ಪೇಸ್ಟಿನ ಮೇಲೆ ನನಗೆ ಅನುಮಾನವಿರುವುದು ಅದಕ್ಕೇ. ಪೈಪು, ತಗಡಿನ ಕೆಲಸಕ್ಕೆ ಮಾಡಿದ ಪೇಸ್ಟಿನಲ್ಲಿ ಜಿಂಕ್ ಕ್ಲೋರೈಡ್, ಅಮೋನಿಯಂ ಕ್ಲೋರೈಡ್ ಇರುತ್ತವೆ. ನಾನು ಕೆಲಸ ಕಲಿಯುತ್ತಿದ್ದಾಗ ಅಂಥ ಪೇಸ್ಟ್ ಹಚ್ಚಿ ಒಂದು ಏರಿಯಲ್ ಕಾಯಿಲ್ ಬೆಸೆದೆ. ಬೆಸುಗೆ ಬೆಳ್ಳಿಯಂತೆ ಹೊಳೆಯಿತು, ಸೆಟ್ಟು ಹಾಡಿತು, ಹಿಗ್ಗಿದೆ. ಎರಡು ಮಳೆಗಾಲ ಕಳೆದು ಅದೇ ಸೆಟ್ಟು ಮರಳಿ ಬಂದಾಗ ಬೆಸೆದ ಜಾಗದಲ್ಲಿ ಹಸಿರು ಕಿಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ತಂತಿಯನ್ನು ಒಳಗೊಳಗೇ ತಿಂದುಹಾಕಿತ್ತು. ಆ ಕಾಯಿಲ್ ಬೇರೆ ಸಿಗಲಿಲ್ಲ. ಅಲ್ಲಿಂದೀಚೆಗೆ ನನ್ನ ಮೇಜಿನ ಮೇಲೆ ರಾಳದ ಫ್ಲಕ್ಸ್ ಬಿಟ್ಟು ಬೇರೆ ಯಾವುದೂ ಇಲ್ಲ. ನಡುವೆ ರಾಳ ತುಂಬಿದ 60-40 ಲೆಡ್ಡು ಸಿಗುತ್ತದೆ, 60 ಪಾಲು ತವರ, 40 ಪಾಲು ಸೀಸ. 183 ಡಿಗ್ರಿಯಲ್ಲಿ ಮೆತ್ತಗಾಗಲು ಶುರುವಾಗಿ 190ರ ಹೊತ್ತಿಗೆ ಪೂರ್ತಿ ಕರಗುತ್ತದೆ. ಸೀಸವಿಲ್ಲದ ಹೊಸ ಬಗೆಯ ಸೋಲ್ಡರಿಗೆ 217 ಡಿಗ್ರಿ ದಾಟಬೇಕು. ಹಳೆಯ ಸೀಸದ ಬೆಸುಗೆಯ ಮೇಲೆ ಅದನ್ನು ಬೆರೆಸುವುದು ನನಗೆ ಸರಿಕಾಣುವುದಿಲ್ಲ.

ಸೀಸದ ಹೊಗೆಯ ಭಯ ಅರ್ಧ ಸರಿ, ಅರ್ಧ ತಪ್ಪು. ಐರನ್ನಿನ ತುದಿ ಸುಮಾರು 350 ಡಿಗ್ರಿ ಕಾಯುತ್ತದೆ. ಸೀಸ ಕುದಿಯಬೇಕಾದರೆ 1,749 ಡಿಗ್ರಿ ಬೇಕು. ನೀವು ಕಾಣುವ ಬಿಳಿ ಹೊಗೆ ಸೀಸದ್ದಲ್ಲ, ರಾಳದ್ದು. ಹಾಗೆಂದು ಅದನ್ನೂ ಉಸಿರಾಡಬಾರದು. ದಿನವೂ ಅದರಲ್ಲೇ ಕೂತವರಿಗೆ ಆಸ್ತಮಾ ಬಂದದ್ದಿದೆ. ಕಿಟಕಿಯ ಹತ್ತಿರ ಕೂರಿ, ಹೊಗೆಯನ್ನು ಮುಖದಿಂದ ಆಚೆ ಎಳೆಯುವಂತೆ ಸಣ್ಣ ಫ್ಯಾನ್ ಇಡಿ. ಸೀಸ ಮೈಗೆ ಸೇರುವ ದಾರಿ ಬಾಯಿ. ಲೆಡ್ಡು ಹಿಡಿದ ಬೆರಳಿನಲ್ಲೇ ಅಡಿಕೆ ಬಾಯಿಗೆ ಹಾಕಿಕೊಳ್ಳುವುದು, ನೆಲಕ್ಕೆ ಬಿದ್ದ ಹನಿಯನ್ನು ಮಗು ಹೆಕ್ಕಿ ಬಾಯಿಗಿಡುವುದು, ಭಯಪಡಬೇಕಾದದ್ದು ಇವಕ್ಕೆ. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಮುಗಿದ ಮೇಲೆ ಮಡಚಿ ಎಸೆಯಿರಿ, ಸೋಪು ಹಚ್ಚಿ ಕೈ ತೊಳೆಯಿರಿ. ಇಲಿಯ ಗೂಡು, ಹಿಕ್ಕೆಯನ್ನೂ ಒಣದಾಗಿ ಗುಡಿಸಬೇಡಿ, ಊದಲೂಬೇಡಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಇಲಿಯ ಮೂತ್ರ ಬಿದ್ದ ಚಾಸಿಯ ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಇಲ್ಲವಾದರೆ ಅದೂ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಕ್ಯಾಬಿನೆಟ್ಟಿನೊಳಗೆ ವಾಲ್ವುಗಳ ಎದುರು ಬಿಳಿ ರಟ್ಟಿನಂಥ ಹಾಳೆ ಇದ್ದರೆ ಅದನ್ನು ಕೆರೆಯಬೇಡಿ, ಹಳೆಯ ಕೆಲವು ಸೆಟ್ಟುಗಳಲ್ಲಿ ಅದು ಆಸ್‌ಬೆಸ್ಟಾಸ್.

ಐರನ್ ಹಿಡಿಯುವ ಮೊದಲು ಫೋಟೊ ತೆಗೆಯಿರಿ. ಚಾಸಿ ತಿರುವಿ, ಬೆಳಕು ಬಿಟ್ಟು, ಹತ್ತು ಕಡೆಯಿಂದ. ಕಡಿದ ವೈರಿನ ಎರಡೂ ತುದಿ ಎಲ್ಲಿಂದ ಎಲ್ಲಿಗೆ ಎಂದು ಕಾಗದದಲ್ಲಿ ಬರೆಯಿರಿ. ಸ್ಪೀಕರಿನ ಮೇಲಿನ ಟ್ರಾನ್ಸ್‌ಫಾರ್ಮರಿಗೆ ಮೀಟರ್ ಇಡಿ. ಚಾಸಿಯ ಕಡೆಯಿಂದ ವೈರು ಬರುವ ಎರಡು ಟ್ಯಾಗಿನ ನಡುವೆ ಕೆಲವು ನೂರು ಓಮ್ ತೋರಿಸಿದರೆ ಪ್ರೈಮರಿ ಬದುಕಿದೆ. ಏನೂ ತೋರಿಸದಿದ್ದರೆ ಸುತ್ತೇ ಒಳಗೆ ಕಡಿದಿದೆ. ಆಗ ವೈರು ಬೆಸೆದು ಪ್ರಯೋಜನವಿಲ್ಲ, ಟ್ರಾನ್ಸ್‌ಫಾರ್ಮರನ್ನು ಮತ್ತೆ ಸುತ್ತಿಸಬೇಕು ಅಥವಾ ಇಎಲ್ 84ಕ್ಕೆ ಹೊಂದುವ ಸುಮಾರು 5 ಕಿಲೊ ಓಮ್ ಇಂಪೀಡೆನ್ಸಿನ (ಮೀಟರ್ ತೋರಿಸುವ ಓಮ್ ಅಲ್ಲ) ಪ್ರೈಮರಿಯ ಇನ್ನೊಂದನ್ನು ಹುಡುಕಬೇಕು. ಪ್ರೈಮರಿಯ ಒಂದು ತುದಿ ಹೈ ಟೆನ್ಷನ್ನಿಗೆ (ಆ 250 ವೋಲ್ಟಿನ ಡಿಸಿಗೆ), ಇನ್ನೊಂದು ಇಎಲ್ 84ರ 7ನೇ ಕಾಲಿಗೆ (ಪಿನ್ನಿಗೆ) ಹೋಗುತ್ತದೆ. ಚಾಸಿಯ ಅಡಿಯಿಂದ ನೋಡುವಾಗ ಸಾಕೆಟ್ಟಿನಲ್ಲಿ ಕಾಲಿಲ್ಲದ ಖಾಲಿ ಜಾಗವೊಂದಿದೆ. ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ 1, 2 ಎಂದು ಎಣಿಸಿ.

ಸ್ಪೀಕರಿನ ವೈರನ್ನು ನಡುವೆ ಗಂಟುಹಾಕಿ ಬೆಸೆಯಬೇಡಿ. ಒಂದು ಕಡಿದಿದ್ದರೂ ಎರಡನ್ನೂ ಟ್ಯಾಗಿನಿಂದ ಟ್ಯಾಗಿಗೆ ಹೊಸದಾಗಿ ಎಳೆಯಿರಿ, ಹಿಂದಿನ ರಟ್ಟು ಬಿಚ್ಚಿದಾಗ ಸ್ಪೀಕರ್ ಸ್ವಲ್ಪ ಸರಿಯುವಷ್ಟು ಸಡಿಲ ಬಿಟ್ಟು. 600 ವೋಲ್ಟ್ ತಡೆಯುವ ಹುಕಪ್ ವೈರು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮೊಬೈಲ್ ಚಾರ್ಜರಿನಿಂದ ಕಿತ್ತ ವೈರು ಇಲ್ಲಿಗೆ ಬೇಡ, ಅದರ ಹೊದಿಕೆ ಈ ವೋಲ್ಟೇಜಿಗೆ ಮಾಡಿದ್ದಲ್ಲ. ಟ್ಯಾಗಿಗೆ ಹಳೆಯ ವೈರನ್ನು ಕಾರ್ಖಾನೆಯವರು ಒಂದು ಸುತ್ತು ಸುತ್ತಿ ಬೆಸೆದಿರುತ್ತಾರೆ. ಜಗ್ಗಿದರೆ ಟ್ಯಾಗೇ ಕಿತ್ತುಬರುತ್ತದೆ. ಸ್ವಲ್ಪ ಹೊಸ ಲೆಡ್ಡು ತಾಗಿಸಿ ಹಳೆಯದನ್ನು ಎಚ್ಚರಿಸಿ, ಕರಗಿದ ಲೆಡ್ಡನ್ನು ಹೀರುವ ಸಕ್ಕರ್‌ನಿಂದ ಎಳೆದು, ಆಮೇಲೆ ಬಿಡಿಸಿ. ಅಲ್ಲಿ ಬೇರೆ ನಾಲ್ಕು ಬಿಡಿಭಾಗಗಳೂ ಸೇರಿದ್ದರೆ ಅವುಗಳನ್ನು ಕದಲಿಸಬೇಡಿ. ಹಳೆಯ ವೈರನ್ನು ಮೋಟು ಉಳಿಸಿ ಕತ್ತರಿಸಿ, ಹೊಸದನ್ನು ಆ ಮೋಟಿಗೆ ಕೊಕ್ಕೆ ಹಾಕಿ ಬೆಸೆಯಿರಿ. ನೋಡಲು ಅಷ್ಟು ಅಂದವಲ್ಲ, ಆದರೆ ಟ್ಯಾಗು ಉಳಿಯುತ್ತದೆ. ಬೆಸೆಯುವ ಮೊದಲು ಸ್ಲೀವನ್ನು (ಬೆಸುಗೆಯನ್ನು ಮುಚ್ಚುವ ಇನ್ಸುಲೇಷನ್ ಕೊಳವೆಯನ್ನು) ವೈರಿಗೆ ಪೋಣಿಸಿಟ್ಟುಕೊಳ್ಳಿ.

'ಹಳೆಯ ಸೆಟ್ಟು, ಬಿಸಿ ತಡೆಯೋದಿಲ್ಲ' ಎಂಬುದು ಇನ್ನೊಂದು ನಂಬಿಕೆ. ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಕಾಲದಲ್ಲಿ ಹುಟ್ಟಿದ ಮಾತು ಅದು, ಆ ಟ್ರಾನ್ಸಿಸ್ಟರುಗಳು ನಿಜಕ್ಕೂ ಬಿಸಿಗೆ ಸಾಯುತ್ತಿದ್ದವು. ವಾಲ್ವ್ ಸೆಟ್ಟಿನ ಟ್ಯಾಗು, ಸಾಕೆಟ್ಟು ಬಿಸಿಯಲ್ಲೇ ಬಾಳಿದವು. ಎಚ್ಚರ ಬೇಕಾದದ್ದು ಕಾಯಿಲುಗಳ ಪ್ಲಾಸ್ಟಿಕ್ ಮತ್ತು ಮೇಣಕ್ಕೆ, ಗಾಜಿನಂತೆ ಪಾರದರ್ಶಕವಾಗಿರುವ ಪಾಲಿಸ್ಟೈರಿನ್ ಕೆಪಾಸಿಟರುಗಳಿಗೆ. ಅವು ನೂರು ಡಿಗ್ರಿಯ ಆಸುಪಾಸಿಗೇ ಮೆತ್ತಗಾಗುತ್ತವೆ. ಉಳಿದ ಕಡೆ ನಿಮ್ಮ 25 ವ್ಯಾಟಿನ ಐರನ್ ಸಾಕು, ಎರಡು ಮೂರು ಸೆಕೆಂಡಿನ ಕೆಲಸ. ಚಾಸಿಯ ತಗಡಿಗೇ ಬೆಸೆದ ಅರ್ಥ್ ವೈರು ಬಿಟ್ಟಿದ್ದರೆ ಮಾತ್ರ ಅದು ಸಾಲದು. ತಗಡು ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಅಲ್ಲಿಗೆ 60 ವ್ಯಾಟಿನದು ಬೇಕು. ಕಡಿಮೆ ವ್ಯಾಟಿನದನ್ನು ನಿಮಿಷಗಟ್ಟಲೆ ಒತ್ತಿ ಹಿಡಿದರೆ ಸುತ್ತಲಿನದೆಲ್ಲ ಕಾಯುತ್ತದೆ, ಬೆಸುಗೆ ಮಾತ್ರ ಹಿಡಿಯುವುದಿಲ್ಲ.

ಡಯಲ್ ದೀಪದ ರಬ್ಬರು ಉದುರುವುದು ಇಲಿಯ ತಪ್ಪಲ್ಲ. ರಬ್ಬರಿನಲ್ಲಿ ಗಂಧಕ ಬೆರೆತಿರುತ್ತದೆ. ಬಿಸಿ ಮತ್ತು ಗಾಳಿಗೆ ರಬ್ಬರು ಒಣಗಿ ಬಿರಿಯುತ್ತದೆ, ಗಂಧಕ ತಾಮ್ರವನ್ನು ಕಪ್ಪಾಗಿಸುತ್ತದೆ. ಆಗೆಲ್ಲ ತಾಮ್ರದ ಎಳೆಗೆ ತವರ ಲೇಪಿಸುತ್ತಿದ್ದುದು ಅದರಿಂದ ಕಾಪಾಡಲಿಕ್ಕೇ. ಈ ರಬ್ಬರಿಗೆ ಟೇಪು ಸುತ್ತುವುದು ವ್ಯರ್ಥ. ಸುತ್ತುವಾಗಲೇ ಪಕ್ಕದಲ್ಲಿ ಇನ್ನಷ್ಟು ಉದುರುತ್ತದೆ. ವೈರನ್ನೇ ಬದಲಿಸಿ. ತಾಮ್ರ ಇನ್ನೂ ಹೊಳೆಯುತ್ತಿದ್ದು ಬಿಡಿಸಲಾಗದ ಜಾಗವಾಗಿದ್ದರೆ, ಒಂದು ತುದಿ ಮಾತ್ರ ಬಿಚ್ಚಿ, ಉಳಿದ ರಬ್ಬರನ್ನು ಚಿವುಟಿ ತೆಗೆದು, ಫೈಬರ್‌ಗ್ಲಾಸ್ ಸ್ಲೀವ್ ತೂರಿಸಿ ಮತ್ತೆ ಬೆಸೆಯಿರಿ. ಮೇನ್ಸ್ ಟ್ರಾನ್ಸ್‌ಫಾರ್ಮರಿನೊಳಗಿಂದ ನೇರ ಹೊರಬರುವ ವೈರುಗಳಿಗೆ ನಾನು ಮಾಡುವುದು ಹೀಗೆಯೇ.

ಎಲ್ಲಕ್ಕಿಂತ ಕಷ್ಟದ್ದು ಆ ಕೂದಲಿನಂಥ ತಂತಿ. ಅದನ್ನು ಭೂತಗನ್ನಡಿಯಲ್ಲಿ ನೋಡಿ. ರೇಷ್ಮೆಯಂಥ ನೂಲು ಸುತ್ತಿದ್ದು, ಒಳಗೆ ಅದಕ್ಕಿಂತಲೂ ತೆಳುವಾದ ಹಲವು ಎಳೆಗಳಿದ್ದರೆ ಅದು ಲಿಟ್ಜ್ ತಂತಿ. ಒಂದೊಂದು ಎಳೆಗೂ ಪ್ರತ್ಯೇಕ ಎನಾಮಲ್ ಇರುತ್ತದೆ. ಎನಾಮಲ್ ಇದ್ದಲ್ಲಿ ಬೆಸುಗೆ ಹಿಡಿಯುವುದಿಲ್ಲ. ಹೊರಗಿನ ನಾಲ್ಕು ಎಳೆಗೆ ಹಿಡಿದು ಒಳಗಿನ ನಾಲ್ಕು ಬಿಟ್ಟರೂ ಸ್ಟೇಷನ್ ಬರುತ್ತದೆ, ಆದರೆ ಮೊಂಡಾಗಿ, ಪಕ್ಕದ ಸ್ಟೇಷನ್ನಿನ ಜೊತೆ ಕಲೆಸಿಕೊಂಡು. ಬ್ಲೇಡಿನಲ್ಲಿ ಕೆರೆದರೆ ಎಳೆಗಳೇ ತುಂಡಾಗುತ್ತವೆ. ಆಸ್ಪಿರಿನ್ ಮಾತ್ರೆಯ ಮೇಲಿಟ್ಟು ಕಾಯಿಸುವ ಹಳೆಯ ಉಪಾಯವೊಂದಿದೆ. ಎನಾಮಲ್ ಹೋಗುವುದೇನೋ ನಿಜ, ಆದರೆ ಆ ಹೊಗೆ ಗಂಟಲು ಕಣ್ಣು ಸುಡುತ್ತದೆ, ಉಳಿಯುವ ಆಮ್ಲವೂ ತಂತಿಗೆ ಒಳ್ಳೆಯದಲ್ಲ. ನಾನು ಮಾಡುವುದು ಇಷ್ಟು: ಚೂಪು ತುದಿಯ ಐರನ್ನಿಗೆ ಒಂದು ತುಂಬು ಹನಿ ಲೆಡ್ಡು ತೆಗೆದುಕೊಂಡು, ರಾಳ ಹಚ್ಚಿದ ತಂತಿಯ ಕೊನೆಯ ಮೂರು ಮಿಲಿಮೀಟರನ್ನು ಆ ಹನಿಯೊಳಗೆ ಮುಳುಗಿಸಿ ನಿಧಾನವಾಗಿ ಹೊರಳಿಸುತ್ತೇನೆ. ಕೆಲವು ಬಗೆಯ ಎನಾಮಲ್ ಅಷ್ಟಕ್ಕೇ ಕರಗುತ್ತದೆ. ಜಗ್ಗದಿದ್ದರೆ ಬೆರಳುಗಳ ನಡುವೆ ಅತಿ ನುಣುಪಾದ ಎಮರಿ ಕಾಗದ ಮಡಚಿ ಹಿಡಿದು ಎಳೆಗಳನ್ನು ಬಿಡಿಸಿ ಮೆಲ್ಲಗೆ ಎಳೆಯುತ್ತೇನೆ. ತಂತಿ ಟ್ಯಾಗಿನವರೆಗೆ ಮುಟ್ಟದಿದ್ದರೆ ಅದನ್ನು ಬಿಗಿಯಾಗಿ ಎಳೆಯದೆ ಟ್ಯಾಗಿನಿಂದ ಈಚೆಗೆ ಒಂದು ಸಣ್ಣ ತಾಮ್ರದ ತಂತಿ ತನ್ನಿ. ಇದನ್ನು ನೇರ ಸೆಟ್ಟಿನಲ್ಲಿ ಕಲಿಯಬೇಡಿ. ಹಾಳಾದ ಪಾಕೆಟ್ ರೇಡಿಯೊದ ಫೆರೈಟ್ ಕಡ್ಡಿಯ ಕಾಯಿಲಿನಲ್ಲಿ ಹತ್ತು ಸಲ ಕೈ ಕುದುರಿಸಿಕೊಳ್ಳಿ. ಹತ್ತರಲ್ಲಿ ಎಂಟು ಸರಿಹೋಗುವವರೆಗೆ ಈ ಒಂದು ತಂತಿಯನ್ನು ಹಾಗೇ ಬಿಡಿ, ಅಥವಾ ಅನುಭವವಿರುವವರಿಗೆ ಕೊಡಿ. ನಾಜೂಕಿಲ್ಲದ ಕೈಗೆ ಅದು ಪ್ರತಿ ಸಲವೂ ಎರಡು ಮಿಲಿಮೀಟರ್ ಗಿಡ್ಡವಾಗುತ್ತದೆ, ಮೂರನೆಯ ಸಲಕ್ಕೆ ಏನೂ ಉಳಿದಿರುವುದಿಲ್ಲ.

ವೈರು ಎಲ್ಲಿಂದ ಎಲ್ಲಿಗೆ ಎಂಬಷ್ಟೇ ಮುಖ್ಯ ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು. ಒಮ್ಮೆ ಒಬ್ಬರು ಹೈಸ್ಕೂಲು ಮೇಷ್ಟರು ತಮ್ಮ ಸೆಟ್ಟಿನ ಹಳೆಯ ವೈರುಗಳನ್ನೆಲ್ಲ ಒಂದೇ ದಿನ ಕಿತ್ತು, ಹೊಸದು ಹಾಕಿ, ಚೊಕ್ಕವಾಗಿ ಕಟ್ಟು ಕಟ್ಟಿ ತಂದಿದ್ದರು. ಬೆಸುಗೆ ಒಂದೂ ತಪ್ಪಿರಲಿಲ್ಲ. ಆದರೆ ಆನ್ ಮಾಡಿದರೆ ಊಳಿಡುತ್ತಿತ್ತು. ಒಂದು ವಾಲ್ವಿನ ಗ್ರಿಡ್ ವೈರು ಅದರದ್ದೇ ಆನೋಡ್ ವೈರಿನ ಜೊತೆ ಒಂದೇ ಕಟ್ಟಿನಲ್ಲಿತ್ತು. ಹಳಬರು ಕಾಗೆ ಗೂಡಿನಂತೆ ಅಡ್ಡಾದಿಡ್ಡಿ ಎಳೆದಂತೆ ಕಾಣುವುದರ ಹಿಂದೆ ಲೆಕ್ಕವಿರುತ್ತದೆ. ಅವರಿಗೆ ಅದನ್ನು ಬಿಡಿಸಿ ಹಳೆಯ ದಾರಿಗೆ ತರಲು ಮೂರು ದಿನ ಹಿಡಿಯಿತು, ಫೋಟೊ ಇರಲಿಲ್ಲ. ಹಾಗಾಗಿ ಒಂದು ಸಲಕ್ಕೆ ಒಂದೇ ವೈರು ಬಿಚ್ಚಿ, ಅದು ಇದ್ದ ದಾರಿಯಲ್ಲೇ ಹೊಸದನ್ನು ಕೂರಿಸಿ, ಫೋಟೊದ ಜೊತೆ ತಾಳೆ ನೋಡಿ, ಆಮೇಲೆ ಮುಂದಿನದು. ಚೆನ್ನಾಗಿರುವ ವೈರನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಬದಲಿಸಬೇಡಿ. ಹಳೆಯ ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸುವುದೂ ಬೇಡ. ಬಿರುಕು ಬಿಟ್ಟದ್ದು, ಮರದ ಕಡ್ಡಿಯಿಂದ ತಟ್ಟಿದರೆ ಅಲುಗುವುದು, ಇವಕ್ಕಷ್ಟೇ ಕೈಹಾಕಿ.

ಬ್ಲೂಟೂತ್ ಬೋರ್ಡಿನ ವಿಷಯ. ಅಂಗಡಿಯವರನ್ನು ನಾನು ದೂರುವುದಿಲ್ಲ. ವಾಲ್ವ್ ಸೆಟ್ಟಿಗೆ ಎರಡು ದಿನ ಕೂತು ಸಂಪಾದನೆ ಆಗುವುದಿಲ್ಲ. ಹಾಡು ಬೇಕು, ಪೆಟ್ಟಿಗೆ ಅಂದವಾಗಿ ಕಾಣಬೇಕು, ಅಷ್ಟೇ ಎಂದಾದರೆ ಅದೂ ಒಂದು ದಾರಿ. ಆದರೆ ಒಂದು ಮಾತು ನಡೆಸಿಕೊಡಿ. ಚಾಸಿಯನ್ನು ಕತ್ತರಿಸದೆ ಇಡಿಯಾಗಿ ಹೊರತೆಗೆಸಿ, ವಾಲ್ವುಗಳ ಸಮೇತ ಮನೆಗೆ ತನ್ನಿ. ಅದು ಗುಜರಿಗೆ ಹೋದರೆ ಮರಳಿ ಬರುವುದಿಲ್ಲ. ಪೂರ್ತಿ ರಿಪೇರಿಯವರಿಗೆ ಒಪ್ಪಿಸುವುದಾದರೆ ಕೊಡುವ ಮೊದಲು ಕೇಳಿ: ವಾಲ್ವ್ ಸೆಟ್ಟು ಈಚೆಗೆ ಯಾವಾಗ ಮಾಡಿದ್ದೀರಿ, ಆಸಿಡ್ ಪೇಸ್ಟ್ ಬಳಸುತ್ತೀರಾ. ಬಿಚ್ಚಿದ ಹಳೆಯ ಭಾಗಗಳನ್ನು ಮರಳಿ ಕೊಡಲು ಹೇಳಿ. ರಿಪೇರಿಯೇ ಬೇಡ, ನೆನಪಿಗೆ ಇರಲಿ ಎಂದರೂ ತಪ್ಪೇನಿಲ್ಲ, ಮೇನ್ಸ್ ವೈರನ್ನು ಕತ್ತರಿಸಿಡಿ, ಯಾರೂ ಅರಿಯದೆ ಪ್ಲಗ್ ಹಾಕುವಂತಾಗಬಾರದು. ನನ್ನನ್ನು ಕೇಳಿದರೆ, ನೀವು ಬರೆದ ಬಗೆ ನೋಡಿ, ಸ್ಪೀಕರ್ ವೈರು, ಮೇನ್ಸ್ ವೈರು, ದೀಪದ ವೈರು ಮೂರನ್ನೂ ನೀವೇ ಮಾಡಬಲ್ಲಿರಿ ಅನ್ನಿಸುತ್ತದೆ. ಕಾಯಿಲಿಗೆ ಮಾತ್ರ ಕಾಯಿರಿ.

ಬೆಸುಗೆ ಮುಗಿಯಿತೆಂದು ನೇರ ಕರೆಂಟು ಕೊಡಬೇಡಿ. ಇಬಿಸಿ 81ರ ಆನೋಡಿನಿಂದ ಇಎಲ್ 84ರ 2ನೇ ಕಾಲಿಗೆ, ಅಂದರೆ ಕಂಟ್ರೋಲ್ ಗ್ರಿಡ್ಡಿಗೆ, ಬರುವ ಕೆಪಾಸಿಟರೊಂದಿದೆ, ಮೈಮೇಲೆ ಡಾಂಬರು ಅಥವಾ ಮೇಣ ಇರುತ್ತದೆ. ಇಷ್ಟು ವರ್ಷದ ಮೇಲೆ ಅದು ಸೋರುವುದೇ ಹೆಚ್ಚು. ಸೋರಿದರೆ ಗ್ರಿಡ್ಡಿಗೆ ಪ್ಲಸ್ ವೋಲ್ಟೇಜ್ ಹೋಗಿ ಇಎಲ್ 84 ಮತ್ತೆ ಸುಡುತ್ತದೆ, ಈ ಸಲ ಟ್ರಾನ್ಸ್‌ಫಾರ್ಮರನ್ನೂ ಕೂಡಿಕೊಂಡು. ಅಷ್ಟೇ ಮೌಲ್ಯದ 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಹಾಕಿಬಿಡಿ, ಕೆಲವೇ ರೂಪಾಯಿಯ ಸಾಮಾನು. ಹಿಂಭಾಗದ ವೋಲ್ಟೇಜ್ ಸೆಲೆಕ್ಟರ್ 220ರಲ್ಲಿದ್ದು 245ರ ಸ್ಥಾನವೂ ಇದ್ದರೆ ಅಲ್ಲಿಗೆ ತಿರುಗಿಸಿ, ಈಗಿನ ಸಪ್ಲೈ 230 ವೋಲ್ಟ್. ಅಲ್ಯೂಮಿನಿಯಂ ಡಬ್ಬಿಯ ದೊಡ್ಡ ಫಿಲ್ಟರ್ ಕೆಪಾಸಿಟರ್ ಬದಲಿಸಬೇಕಾಗಿ ಬಂದರೂ ಇಝಡ್ 80ಕ್ಕೆ ತಾಗಿದ ಮೊದಲನೆಯದು 50 ಮೈಕ್ರೊಫ್ಯಾರಡ್ ದಾಟಬಾರದು, ಆ ವಾಲ್ವಿನ ಮಿತಿ ಅದು.

ರಿಪೇರಿ ಅಂಗಡಿಗಳಲ್ಲಿ ಇರುವಂಥ, ಕರೆಂಟನ್ನು ಒಂದು ಬಲ್ಬಿನ ಮೂಲಕ ಹಾಯಿಸಿ ಕೊಡುವ ಸೀರೀಸ್ ಬೋರ್ಡ್ ಒಂದನ್ನು ಹೊಂದಿಸಿಕೊಳ್ಳಿ, ಅದಕ್ಕೆ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬು ಬೇಕು, ಎಲ್‌ಇಡಿ ಆಗದು. ಮೊದಲು ಇಝಡ್ 80 ವಾಲ್ವನ್ನು ಕಿತ್ತಿಟ್ಟು ಆನ್ ಮಾಡಿ. ಹೈ ಟೆನ್ಷನ್ ಇಲ್ಲದೆ ಫಿಲಮೆಂಟುಗಳು ಮಾತ್ರ ಉರಿಯುತ್ತವೆ. ಕಾಲು ಗಂಟೆ ಬಿಟ್ಟು ಪ್ಲಗ್ ಕಿತ್ತು ಮೇನ್ಸ್ ಟ್ರಾನ್ಸ್‌ಫಾರ್ಮರ್ ಮುಟ್ಟಿನೋಡಿ, ಬೆಚ್ಚಗಿದ್ದರೆ ಸರಿ, ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಇಝಡ್ 80 ಹಾಕಿ ಮತ್ತೆ ಆನ್ ಮಾಡಿ. ಸೀರೀಸ್ ಬಲ್ಬು ಒಮ್ಮೆ ಹೊಳೆದು ಮಂಕಾಗಬೇಕು. ಪ್ರಖರವಾಗಿಯೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಕೀಳಿ. ಸ್ಪೀಕರಿನಿಂದ ಜೋರಾಗಿ ಊಳು ಬಂದರೆ ಗಾಬರಿಬೇಡ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ ಎರಡು ವೈರು ಅದಲುಬದಲಾಗಿರಬಹುದು (ಸ್ಪೀಕರಿನ ಕಡೆಯಿಂದ ಚಾಸಿಗೆ ಫೀಡ್‌ಬ್ಯಾಕ್ ವೈರೂ ಮರಳುವ ಸೆಟ್ಟಾದರೆ ಮಾತ್ರ). ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ಅವೆರಡನ್ನು ತಿರುಗಿಸಿ ಬೆಸೆಯಿರಿ.

ಹತ್ತು ನಿಮಿಷ ಕೆಂಪಗೆ ಕಾದ ಆ ಇಎಲ್ 84 ಉಳಿದಿದೆಯೇ ಎಂಬುದು ಆಗ ಗೊತ್ತಾಗುತ್ತದೆ. ಮೀಟರಿನ ಕಪ್ಪು ಕ್ಲಿಪ್ಪನ್ನು ಮೊದಲೇ ಚಾಸಿಗೆ ಕಚ್ಚಿಸಿಟ್ಟು, ಒಂದು ಕೈ ಬೆನ್ನ ಹಿಂದಿಟ್ಟುಕೊಂಡು, ಇನ್ನೊಂದು ಕೈಯಿಂದ 2ನೇ ಕಾಲಿನ ವೋಲ್ಟೇಜ್ ನೋಡಿ. ಸೊನ್ನೆ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ಪ್ಲಸ್ ಅರ್ಧ ವೋಲ್ಟಿಗಿಂತ ಮೇಲೆ ಏರುತ್ತ ಹೋದರೆ, ಕೆಪಾಸಿಟರ್ ಹೊಸದಾಗಿರುವಾಗ ಅದು ವಾಲ್ವಿನದೇ ದೋಷ, ಬೇರೆ ಇಎಲ್ 84 ಬೇಕು. 7 ಮತ್ತು 9ನೇ ಕಾಲಿನ ವೋಲ್ಟೇಜನ್ನೂ ಹಾಗೇ ಬರೆದುಕೊಳ್ಳಿ. ಆ ಮೂರು ಅಂಕಿ ಮತ್ತು ಚಾಸಿಯ ಅಡಿಭಾಗದ ಫೋಟೊ ಕಳಿಸಿದರೆ ಕಾಯಿಲಿನ ತಂತಿ ಯಾವ ಟ್ಯಾಗಿಗೆ ಸೇರಬೇಕೆಂದು ನೋಡಿ ಹೇಳುತ್ತೇನೆ.